ಹೆಲ್ಲರ್ ಕಂಡ ಕಚೇರಿ

‘ಕ್ಯಾಚ್-22’ ಎಂಬ ಮಾತು ಇಂಗ್ಲಿಷ್ ನಿಘಂಟುಗಳನ್ನು ಸೇರಿ ದಶಕಗಳೇ ಕಳೆದಿವೆ. ಸಂಪಾದಕೀಯಗಳಲ್ಲಿ, ವಕೀಲರ ವಾದಗಳಲ್ಲಿ, ಬ್ಯಾಂಕಿನವರ ಮಾತುಕತೆಯಲ್ಲಿ ಅದು ಧಾರಾಳವಾಗಿ ಓಡಾಡುತ್ತದೆ. ಇಕ್ಕಟ್ಟು, ಉಭಯಸಂಕಟ ಎಂಬ ಅರ್ಥದಲ್ಲಿ ಅದನ್ನು ಬಳಸುವುದು ವಾಡಿಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅತ್ತ ದರಿ, ಇತ್ತ ಪುಲಿ. ಆದರೆ ಈ ಪದವನ್ನು ಲೋಕಕ್ಕೆ ಕೊಟ್ಟ ಅಮೆರಿಕದ ಕಾದಂಬರಿಕಾರ ಜೋಸೆಫ್ ಹೆಲ್ಲರ್ ಹೇಳಹೊರಟಿದ್ದು ಅದನ್ನಲ್ಲ. ನಮ್ಮ ಗಾದೆಯ ದರಿಯೂ ನಿಜ, ಹುಲಿಯೂ ನಿಜ. ಹೆಲ್ಲರನ ಜಗತ್ತಿನಲ್ಲಿ ದರಿಯೂ ಇಲ್ಲ, ಹುಲಿಯೂ ಇಲ್ಲ. ಅವು ಇವೆಯೆಂದು ಯಾವುದೋ ಕಾಗದದಲ್ಲಿ ಬರೆದಿದೆ ಎನ್ನುವ ಒಬ್ಬ ಅಧಿಕಾರಿಯಿದ್ದಾನೆ. ಆ ಕಾಗದವನ್ನು ತೋರಿಸಿ ಎಂದರೆ, ತೋರಿಸಬೇಕಾಗಿಲ್ಲವೆಂದು ಅದೇ ಕಾಗದದಲ್ಲಿದೆ ಎನ್ನುತ್ತಾನೆ.

1980ರ ದಶಕದ ಆರಂಭದಲ್ಲಿ, ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಯಾಗಿದ್ದಾಗ, ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ರಟ್ಟು ಕಿತ್ತ ಪ್ರತಿಯೊಂದರಲ್ಲಿ ನಾನು ‘ಕ್ಯಾಚ್-22’ ಓದಿದೆ. ಯುದ್ಧವನ್ನು ಗೇಲಿ ಮಾಡುವ ಕಾದಂಬರಿಯೆಂದು ತಿಳಿದು ಬಿದ್ದು ಬಿದ್ದು ನಕ್ಕಿದ್ದೆ. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದು, ನಿವೃತ್ತನಾದ ಮೇಲೆ ಮತ್ತೆ ಓದಿದಾಗ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಇದು ಯುದ್ಧದ ವೇಷ ತೊಟ್ಟ ಕಚೇರಿಯ ಕಾದಂಬರಿ ಎಂಬುದು ಆಗ ಹೊಳೆಯಿತು. ಹೆಲ್ಲರನ ಬದುಕನ್ನು ಗಮನಿಸಿದರೆ ಈ ಅಭಿಪ್ರಾಯಕ್ಕೆ ಆಧಾರವೂ ಸಿಗುತ್ತದೆ.

ಹೆಲ್ಲರ್ ಹುಟ್ಟಿದ್ದು 1923ರ ಮೇ 1ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ರಷ್ಯಾದಿಂದ ವಲಸೆ ಬಂದ ಬಡ ಯಹೂದಿ ಕುಟುಂಬ; ತಂದೆ ಬೇಕರಿಯೊಂದರ ಸರಕು ಸಾಗಿಸುವ ಚಾಲಕ. ಮಗ ಚಿಕ್ಕವನಿದ್ದಾಗಲೇ ಆತ ತೀರಿಕೊಂಡ. ಮನೆಯಿದ್ದ ಕೋನಿ ಐಲೆಂಡ್ ಪ್ರದೇಶ ಸಮುದ್ರದಂಡೆಯ ಮನರಂಜನಾ ಉದ್ಯಾನಗಳಿಗೆ ಹೆಸರಾದದ್ದು. ವರ್ಷದ ಅರ್ಧ ಕಾಲ ಜಾತ್ರೆಯಂತೆ ಗಿಜಿಗುಡುತ್ತಿದ್ದ ಆ ಬೀದಿಗಳಲ್ಲೇ ಹುಡುಗ ಬೆಳೆದ. 1941ರಲ್ಲಿ ಶಾಲೆ ಮುಗಿಸಿದ ಮೇಲೆ ವಿಮಾ ಕಂಪನಿಯೊಂದರಲ್ಲಿ ಕಡತ ಜೋಡಿಸುವ ಗುಮಾಸ್ತನಾಗಿ ಕೆಲಸ ಮಾಡಿದ. ಈ ವಿವರವನ್ನು ಜೀವನಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಅಪಘಾತದ ದಾಖಲೆಗಳು ತುಂಬಿದ ಆ ಕೋಣೆ ಅವನನ್ನು ಜೀವಮಾನವಿಡೀ ಬಿಡಲಿಲ್ಲ.

1942ರಲ್ಲಿ ಸೇನೆಯ ವಾಯುದಳ ಸೇರಿ, 1944ರಲ್ಲಿ ಕಾರ್ಸಿಕಾ ದ್ವೀಪ ತಲುಪಿದ. ಬಿ-25 ವಿಮಾನದ ಮೂತಿಯಲ್ಲಿ ಕುಳಿತು ಗುರಿ ನೋಡಿ ಬಾಂಬು ಬಿಡುವುದು ಅವನ ಕೆಲಸ. ಒಟ್ಟು 60 ದಾಳಿ ಹಾರಾಟಗಳಲ್ಲಿ ಭಾಗವಹಿಸಿದ. ಮೊದಮೊದಲು ಅದೊಂದು ಸಾಹಸವೆನಿಸಿತ್ತಂತೆ. 1944ರ ಆಗಸ್ಟ್ 15ರಂದು ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ಮೇಲಿನ ದಾಳಿಯಲ್ಲಿ, ಅದು ಅವನ 37ನೇ ಹಾರಾಟ, ವಿಮಾನದಲ್ಲಿದ್ದ ಸಹೋದ್ಯೋಗಿಯೊಬ್ಬ ತೊಡೆಗೆ ಗಾಯವಾಗಿ ಬಿದ್ದ. ಹೆಲ್ಲರ್ ಅವನಿಗೆ ಪಟ್ಟಿ ಕಟ್ಟಿದ. ಕೆಳಗಿರುವವರು ತನ್ನನ್ನು ನಿಜಕ್ಕೂ ಕೊಲ್ಲಲು ನೋಡುತ್ತಿದ್ದಾರೆ ಎಂಬುದು ಆ ದಿನ ಅವನಿಗೆ ತಟ್ಟಿತು. ಗಾಯಾಳು ಬದುಕಿದ, ಹೆಲ್ಲರನ ಧೈರ್ಯ ಮಾತ್ರ ಅಲ್ಲಿಗೆ ಮುಗಿಯಿತು. ಯುದ್ಧ ಮುಗಿಸಿ ಊರಿಗೆ ಮರಳಿದ್ದು ಹಡಗಿನಲ್ಲಿ. ಬಹಳ ವರ್ಷ ಮತ್ತೆ ವಿಮಾನ ಹತ್ತಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಾನು ಕಂಡ ಸೇನಾಧಿಕಾರಿಗಳಲ್ಲಿ ಕೆಟ್ಟವನೆಂಬವನು ಒಬ್ಬನೂ ಇರಲಿಲ್ಲ ಎಂದು ಹೆಲ್ಲರ್ ಮುಂದೆ ಸಂದರ್ಶನಗಳಲ್ಲಿ ಹೇಳಿದ. ಹಾಗಾದರೆ ಬಡ್ತಿಯ ಆಸೆಗೆ ಹುಡುಗರನ್ನು ಬಲಿಗೊಡುವ ಆ ಕರ್ನಲ್, ಆ ಜನರಲ್‌ಗಳು ಎಲ್ಲಿಂದ ಬಂದರು? ಯುದ್ಧದ ನಂತರ ಹೆಲ್ಲರ್ ನ್ಯೂಯಾರ್ಕ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಓದಿ, ಒಂದು ವರ್ಷ ಆಕ್ಸ್‌ಫರ್ಡಿನಲ್ಲಿದ್ದು, ಎರಡು ವರ್ಷ ಪೆನ್ಸಿಲ್ವೇನಿಯಾದಲ್ಲಿ ಪಾಠ ಹೇಳಿ, ಕೊನೆಗೆ ನ್ಯೂಯಾರ್ಕಿನ ದೊಡ್ಡ ಪತ್ರಿಕಾ ಕಂಪನಿಗಳಲ್ಲಿ ಜಾಹೀರಾತು ಬರೆಯುವ ಕೆಲಸಕ್ಕೆ ಸೇರಿದ. ಟೈಮ್, ಲುಕ್, ಮೆಕ್‌ಕಾಲ್ಸ್ ಅವನ ಕಾರ್ಯಕ್ಷೇತ್ರ. ಹಗಲು ಹೊತ್ತು ಮೇಲಧಿಕಾರಿಗಳ ಸಭೆಗಳಿಗೆ ಚಿತ್ರಪಟ, ಅಂಕಿಅಂಶ, ಭಾಷಣದ ಸಾಮಗ್ರಿ. ರಾತ್ರಿ ಮನೆಯಲ್ಲಿ ಕಾದಂಬರಿ. 1953ರಲ್ಲಿ ಆರಂಭವಾದ ಬರವಣಿಗೆ ಮುಗಿಯಲು ಸುಮಾರು ಎಂಟು ವರ್ಷ ಹಿಡಿಯಿತು. ಯಾವ ಪಾತ್ರ ಯಾವ ಘಟನೆಯ ವೇಳೆಗೆ ಎಲ್ಲಿದ್ದಾನೆ ಎಂಬುದನ್ನು ಚೌಕಳಿ ಎಳೆದ ದೊಡ್ಡ ಹಾಳೆಯಲ್ಲಿ ಗುರುತು ಮಾಡಿಕೊಂಡು ಬರೆದ. ಕಚೇರಿಯ ಶಿಸ್ತೇ ಕಚೇರಿಯ ವಿಡಂಬನೆಗೂ ಒದಗಿತು.

ಮೊದಲ ಅಧ್ಯಾಯ 1955ರಲ್ಲಿ ‘ಕ್ಯಾಚ್-18’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಆಗಿನ ಜನಪ್ರಿಯ ಲೇಖಕ ಲಿಯಾನ್ ಯೂರಿಸ್‌ನ ‘ಮಿಲಾ 18’ ಹೊರಬರುವ ಸುದ್ದಿ ಬಂತು. ಒಂದೇ ವರ್ಷದಲ್ಲಿ ಎರಡು ಹದಿನೆಂಟು ಬೇಡವೆಂದು ಹಲವು ಸಂಖ್ಯೆಗಳನ್ನು ತೂಗಿ ನೋಡಿ, ಸಂಪಾದಕ ರಾಬರ್ಟ್ ಗಾಟ್ಲೀಬ್ 22ನ್ನು ಆರಿಸಿದ. ನಿಯಮದ ಸಂಖ್ಯೆ ಹದಿನೆಂಟಾದರೂ ಇಪ್ಪತ್ತೆರಡಾದರೂ ಏನೂ ವ್ಯತ್ಯಾಸವಾಗಲಿಲ್ಲ ಎಂಬುದೇ ಆ ನಿಯಮದ ಸ್ವರೂಪಕ್ಕೆ ಒಳ್ಳೆಯ ವ್ಯಾಖ್ಯಾನ. 1961ರಲ್ಲಿ ಪುಸ್ತಕ ಬಂದಾಗ ಹೊಗಳಿದವರೂ ಇದ್ದರು, ಇದು ಕಾದಂಬರಿಯೇ ಅಲ್ಲ ಎಂದವರೂ ಇದ್ದರು. ಇಂಗ್ಲೆಂಡಿನಲ್ಲಿ 1962ರಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಅಗ್ಗದ ಆವೃತ್ತಿ ಬಂದ ಮೇಲೆ ಹಬ್ಬಿತು. ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದರೂ ಪ್ರಶಸ್ತಿ ವಾಕರ್ ಪರ್ಸಿಗೆ ಸಂದಿತು.

ಕಥೆಯ ನೆಲೆ ಇಟಲಿಯ ಸಮೀಪದ ಪಿಯಾನೋಸಾ ಎಂಬ ಪುಟ್ಟ ದ್ವೀಪ. ನಾಯಕ ಯೊಸಾರಿಯನ್ ಬಾಂಬು ಬಿಡುವವನು. ಅವನಿಗಿರುವುದು ಒಂದೇ ಗುರಿ, ಜೀವ ಉಳಿಸಿಕೊಳ್ಳುವುದು. ತಲೆ ಕೆಟ್ಟವನನ್ನು ಹಾರಾಟದಿಂದ ಬಿಡುಗಡೆ ಮಾಡಬಹುದು ಎಂದು ನಿಯಮವಿದೆ. ಆದರೆ ಬಿಡುಗಡೆಗೆ ಅವನೇ ಅರ್ಜಿ ಹಾಕಬೇಕು. ಸಾಯುವ ಭಯದಿಂದ ಅರ್ಜಿ ಹಾಕಿದನೆಂದರೆ ಅವನ ತಲೆ ನೆಟ್ಟಗಿದೆಯೆಂದೇ ಅರ್ಥ, ಆದ್ದರಿಂದ ಹಾರಲೇಬೇಕು. ಅರ್ಜಿ ಹಾಕದೆ ಹಾರುತ್ತಲೇ ಇರುವವನು ಹುಚ್ಚ. ಅವನು ಕೇಳಿದ್ದರೆ ಬಿಡಬಹುದಿತ್ತು, ಅವನು ಕೇಳಿಲ್ಲ. ನಮ್ಮ ಕಚೇರಿಗಳ ಆಡುಮಾತಿನಲ್ಲಿ ಕಡತಕ್ಕೆ ‘ಕೊಕ್ಕೆ ಹಾಕುವುದು’ ಎನ್ನುತ್ತೇವಲ್ಲ, ಕ್ಯಾಚ್ ಎಂಬುದಕ್ಕೆ ಅದಕ್ಕಿಂತ ಸರಿಯಾದ ಕನ್ನಡ ನನಗೆ ಕಾಣದು. ಈ ಕೊಕ್ಕೆಯ ತರ್ಕ ಎಷ್ಟು ನುಣುಪಾಗಿದೆಯೆಂದರೆ, ಅದರಲ್ಲಿ ಸಿಕ್ಕಿಬಿದ್ದ ಯೊಸಾರಿಯನ್ನನೇ ಒಂದು ಕ್ಷಣ ಅದನ್ನು ಮೆಚ್ಚಿಕೊಳ್ಳುತ್ತಾನೆ.

ದಳದ ಮುಖ್ಯಸ್ಥ ಕರ್ನಲ್ ಕ್ಯಾತ್‌ಕಾರ್ಟ್‌ಗೆ ಜನರಲ್ ಆಗುವ ಆಸೆ; ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ತನ್ನ ಬಗ್ಗೆ ಲೇಖನ ಬರಬೇಕೆಂಬ ಆಸೆ. ಅದಕ್ಕಾಗಿ ಪ್ರತಿಯೊಬ್ಬ ಪೂರೈಸಬೇಕಾದ ಹಾರಾಟಗಳ ಸಂಖ್ಯೆಯನ್ನು ಏರಿಸುತ್ತ ಹೋಗುತ್ತಾನೆ. 40, 45, 50 ಎಂದು ಏರುತ್ತ ಏರುತ್ತ ಅದು ಕೊನೆಗೆ 80 ಮುಟ್ಟುತ್ತದೆ. ಯಾರಾದರೂ ಗುರಿ ಮುಟ್ಟುವ ಹೊತ್ತಿಗೆ ಗುರಿಯೇ ಮುಂದೆ ಸರಿದಿರುತ್ತದೆ. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕುಳಿತು ಬಂದ ಯಾವ ಅಧಿಕಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಬ್ಬ ಜನರಲ್ ಪೆಕೆಮ್. ಬಾಂಬುಗಳೆಲ್ಲ ಒತ್ತೊತ್ತಾಗಿ ಒಂದೇ ಕಡೆ ಬೀಳಬೇಕು, ಆಗ ಮೇಲಿನಿಂದ ತೆಗೆದ ಛಾಯಾಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ ಎಂದು ಅವನು ಹೊಸ ಪರಿಭಾಷೆಯೊಂದನ್ನು ಹುಟ್ಟುಹಾಕುತ್ತಾನೆ. ಅದಕ್ಕೆ ಯಾವ ಅರ್ಥವೂ ಇಲ್ಲವೆಂದು ಅವನೇ ಸಹೋದ್ಯೋಗಿಯೊಬ್ಬನ ಬಳಿ ಒಪ್ಪಿಕೊಳ್ಳುತ್ತಾನೆ. ಅಷ್ಟರಲ್ಲಿ ಆ ಪದ ಸುತ್ತೋಲೆ ಸೇರಿ, ಇಡೀ ಸೇನೆ ಅದರ ಸಾಧನೆಯಲ್ಲಿ ತೊಡಗಿರುತ್ತದೆ.

ಇವೆಲ್ಲ 1944ರ ಇಟಲಿಯ ಚಿತ್ರಗಳಲ್ಲ, 1950ರ ದಶಕದ ಅಮೆರಿಕದ ಚಿತ್ರಗಳು ಎಂಬುದಕ್ಕೆ ಕಾದಂಬರಿಯಲ್ಲೇ ಪುರಾವೆಗಳಿವೆ. ಕಾಲಕ್ಕೆ ಹೊಂದದ ವಸ್ತುಗಳನ್ನು ಹೆಲ್ಲರ್ ಬೇಕೆಂದೇ ತಂದು ತುರುಕಿದ. ಮೇಜರ್ ಎಂಬ ಅಡ್ಡಹೆಸರಿನ ಕುಟುಂಬದ ಹುಡುಗನಿಗೆ ತಂದೆ ಮೇಜರ್ ಮೇಜರ್ ಎಂದೇ ನಾಮಕರಣ ಮಾಡಿರುತ್ತಾನೆ. ಸೇನೆಗೆ ಸೇರಿದ ಕೆಲವೇ ದಿನಗಳಲ್ಲಿ ಐಬಿಎಂ ಯಂತ್ರವೊಂದು ಅವನಿಗೆ ಮೇಜರ್ ಹುದ್ದೆಯನ್ನೂ ದಯಪಾಲಿಸುತ್ತದೆ. ಇವನಿಗೆ ಬಡ್ತಿ ಕೊಟ್ಟವರು ಯಾರು ಎಂಬ ಪ್ರಶ್ನೆ ಕಾದಂಬರಿಯಲ್ಲಿ ಏಳುತ್ತದೆ. 1954ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಎತ್ತಿದ್ದು ಇದೇ ಪ್ರಶ್ನೆಯನ್ನು. ಇರ್ವಿಂಗ್ ಪೆರೆಸ್ ಎಂಬ ಸೇನಾ ದಂತವೈದ್ಯ ನಿಷ್ಠೆಯ ಪ್ರಶ್ನಾವಳಿಗೆ ಉತ್ತರಿಸಲು ಒಪ್ಪಿರಲಿಲ್ಲ; ಆದರೂ ನಿಯಮದ ಪ್ರಕಾರ ತಾನಾಗಿ ಬರುವ ಬಡ್ತಿ ಬಂದು ಅವನು ಮೇಜರ್ ಆಗಿದ್ದ. ಯಾರೂ ನಿರ್ಧರಿಸದ ಬಡ್ತಿಯ ಹಿಂದೆ ಕಮ್ಯುನಿಸ್ಟ್ ಸಂಚನ್ನು ಹುಡುಕುತ್ತ ಒಂದು ದೇಶ ತಿಂಗಳುಗಟ್ಟಲೆ ಕಳೆಯಿತು. ಕಾದಂಬರಿಯ ಕ್ಯಾಪ್ಟನ್ ಬ್ಲ್ಯಾಕ್ ಊಟಕ್ಕೆ, ಸಂಬಳಕ್ಕೆ, ಕ್ಷೌರಕ್ಕೆ ಕೂಡ ನಿಷ್ಠಾ ಪ್ರಮಾಣಪತ್ರಕ್ಕೆ ಸಹಿ ಹಾಕಿಸುವುದು 1947ರಲ್ಲಿ ಅಧ್ಯಕ್ಷ ಟ್ರೂಮನ್ ಆರಂಭಿಸಿದ ಸರ್ಕಾರಿ ನೌಕರರ ನಿಷ್ಠಾ ಪರಿಶೀಲನೆಯ ನೆರಳು.

ಮೇಜರ್ ಮೇಜರ್‌ನ ತಂದೆ ರೈತ. ಆಲ್ಫಾಲ್ಫಾ ಎಂಬ ಮೇವಿನ ಬೆಳೆಯನ್ನು ಬೆಳೆಯದೇ ಇರುವುದು ಅವನ ಕಸುಬು. ಬೆಳೆಯದ ಪ್ರತಿ ಅಳತೆಗೂ ಸರ್ಕಾರ ಹಣ ಕೊಡುತ್ತದೆ. ಆ ಹಣದಿಂದ ಅವನು ಇನ್ನಷ್ಟು ಜಮೀನು ಕೊಂಡು ಇನ್ನಷ್ಟು ಬೆಳೆಯದೇ ಇರುತ್ತಾನೆ. ಸರ್ಕಾರ ಬೇರೆ ಯಾರಿಗೆ ನೆರವು ಕೊಟ್ಟರೂ ಅದು ಸೋಮಾರಿತನಕ್ಕೆ ದಾರಿ ಎಂಬುದು ಅವನ ದೃಢ ನಂಬಿಕೆ. ಇದು ಬರೀ ಕಲ್ಪನೆಯೆಂದು ನಕ್ಕುಬಿಡುವಂತಿಲ್ಲ. ಬೆಲೆ ಕುಸಿತ ತಡೆಯಲು 1933ರ ಕೃಷಿ ಹೊಂದಾಣಿಕೆ ಕಾಯ್ದೆಯಡಿ ಅಮೆರಿಕ ಸರ್ಕಾರ ಸಾಗುವಳಿ ತಗ್ಗಿಸಿದ ರೈತರಿಗೆ ಹಣ ಕೊಟ್ಟಿತ್ತು. 1956ರಲ್ಲಿ ಜಮೀನು ಬೀಳು ಬಿಡುವುದಕ್ಕೆ ಮತ್ತೊಂದು ಯೋಜನೆ ಬಂತು. ಅರ್ಥಶಾಸ್ತ್ರದ ತರಗತಿಯಲ್ಲಿ ಅದಕ್ಕೆ ಸಮರ್ಥನೆಯಿದೆ, ಅದು ಪೂರ್ತಿ ತಪ್ಪೂ ಅಲ್ಲ. ಆದರೆ ತರ್ಕಬದ್ಧವಾದ ನೀತಿಯೊಂದು ನೆಲಕ್ಕಿಳಿದಾಗ ಹೇಗೆ ಕಾಣುತ್ತದೆಂಬುದನ್ನು ಹೆಲ್ಲರ್ ಒಂದೆರಡು ಪುಟಗಳಲ್ಲಿ ತೋರಿಸಿದಷ್ಟು ಚೆನ್ನಾಗಿ ನನ್ನ ಪಠ್ಯಪುಸ್ತಕಗಳು ತೋರಿಸಲಿಲ್ಲ.

ಮೈಲೋ ಮೈಂಡರ್‌ಬೈಂಡರ್‌ನ ಮೊಟ್ಟೆಯ ಲೆಕ್ಕ ಇನ್ನೂ ಸೊಗಸು. ಈತ ಮೆಸ್ಸಿನ ಅಧಿಕಾರಿ. ಮಾಲ್ಟಾದಲ್ಲಿ ಮೊಟ್ಟೆಗೆ 7 ಸೆಂಟ್ ಕೊಟ್ಟು ತಂದು ಮೆಸ್ಸಿಗೆ 5 ಸೆಂಟಿಗೆ ಮಾರಿ ಲಾಭ ಮಾಡುತ್ತಾನೆ. ಹೇಗೆ? ಸಿಸಿಲಿಯಲ್ಲಿ 1 ಸೆಂಟಿಗೆ ಕೊಂಡ ಮೊಟ್ಟೆಯನ್ನು ಮಾಲ್ಟಾದಲ್ಲಿ ನಾಲ್ಕೂಕಾಲು ಸೆಂಟಿಗೆ ಮಾರುತ್ತಾನೆ. ಅಲ್ಲಿ ಕೊಳ್ಳುವವನೂ ಅವನೇ. ಮತ್ತೆ 7 ಸೆಂಟಿಗೆ ಮಾರುವವನೂ ಅವನೇ. ಮೊದಲ ವ್ಯವಹಾರದಲ್ಲಿ ಮೂರೂಕಾಲು, ಎರಡನೆಯದರಲ್ಲಿ ಎರಡೂಮುಕ್ಕಾಲು, ಒಟ್ಟು 6 ಸೆಂಟ್ ಲಾಭ. ಮೆಸ್ಸಿನಲ್ಲಿ 2 ಸೆಂಟ್ ನಷ್ಟ. ಉಳಿಯುವುದು 4. ಕೂಡಿ ಕಳೆದು ನೋಡಿದರೆ ಇದು 1ಕ್ಕೆ ಕೊಂಡು 5ಕ್ಕೆ ಮಾರಿದ ಸಾಮಾನ್ಯ ವ್ಯಾಪಾರವಷ್ಟೇ. ನಡುವಿನ ಮಾಲ್ಟಾ ಇರುವುದು ನೋಡುವವರ ಕಣ್ಣು ಕಟ್ಟಲು. ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಶಾಖೆಗಳ ನಡುವೆ ಮಾಡಿಕೊಳ್ಳುವ ವರ್ಗಾವಣೆ ಬೆಲೆಯ ಆಟ ಇದೇ. ಭಾರತದಲ್ಲಿ 2001ರ ಹಣಕಾಸು ಕಾಯ್ದೆ ಅದಕ್ಕೆ ನಿಯಮಾವಳಿ ತಂದಿತು. ಮೈಲೋನ ಸಿಂಡಿಕೇಟಿನಲ್ಲಿ ಪ್ರತಿಯೊಬ್ಬನಿಗೂ ಪಾಲಿದೆ ಎಂಬುದು ಅವನ ಘೋಷಣೆ. ಒಬ್ಬ ತನ್ನ ಪಾಲನ್ನು ಕೇಳಿದಾಗ, ಕೈಗೆ ಸಿಕ್ಕ ಚೀಟಿಯಲ್ಲಿ ‘ಒಂದು ಪಾಲು’ ಎಂದು ಬರೆದು ಕೊಡುತ್ತಾನೆ.

ಓರ್ವಿಯೆತೊ ಎಂಬಲ್ಲಿನ ಸೇತುವೆಯ ಮೇಲೆ ಬಾಂಬು ಹಾಕಲು ಮೈಲೋ ಅಮೆರಿಕನ್ನರಿಂದ ಗುತ್ತಿಗೆ ಪಡೆಯುತ್ತಾನೆ. ಅದೇ ಸೇತುವೆಯನ್ನು ಕಾಯಲು ಜರ್ಮನರಿಂದಲೂ. ಎರಡೂ ಕಡೆ ವೆಚ್ಚದ ಮೇಲೆ ಶೇಕಡ 6 ಲಾಭ. ಮುಂದೊಮ್ಮೆ ತನ್ನ ದಳದ ಡೇರೆಗಳ ಮೇಲೆಯೇ ಬಾಂಬು ಹಾಕಿಸುತ್ತಾನೆ. ದೇಶದಲ್ಲಿ ಎದ್ದ ಕೋಲಾಹಲ, ಅವನು ಲೆಕ್ಕಪುಸ್ತಕ ತೆರೆದು ಲಾಭ ಎಷ್ಟೆಂದು ತೋರಿಸಿದ ಕೂಡಲೇ ತಣ್ಣಗಾಗುತ್ತದೆ. 1953ರಲ್ಲಿ ರಕ್ಷಣಾ ಕಾರ್ಯದರ್ಶಿಯಾಗಲು ಹೊರಟಿದ್ದ ಜನರಲ್ ಮೋಟರ್ಸ್‌ನ ಮುಖ್ಯಸ್ಥ ಚಾರ್ಲ್ಸ್ ವಿಲ್ಸನ್, ದೇಶದ ಹಿತವೂ ಕಂಪನಿಯ ಹಿತವೂ ಒಂದೇ ಎಂಬರ್ಥದ ಮಾತನ್ನು ಸೆನೆಟ್ ಸಮಿತಿಯ ಮುಂದೆ ಆಡಿದ್ದು ಆಗ ಮನೆಮಾತಾಗಿತ್ತು. ಮೈಲೋ ಅದನ್ನೇ ತನ್ನ ಕಂಪನಿಯ ಹೆಸರು ಸೇರಿಸಿ ಆಡುತ್ತಾನೆ.

ನನ್ನನ್ನು ಬಹಳ ಕಾಡಿದ್ದು ಮಾತ್ರ ಮೈಲೋ ಅಲ್ಲ. ಮಡ್ ಮತ್ತು ಡಾಕ್ಟರ್ ಡನೀಕಾ. ಮಡ್ ಎಂಬ ಹುಡುಗ ದಳಕ್ಕೆ ಬಂದವನು ಹಾಜರಿ ಹಾಕುವ ಮೊದಲೇ ಓರ್ವಿಯೆತೊ ದಾಳಿಗೆ ಹೋಗಿ ಸಾಯುತ್ತಾನೆ. ಅವನ ಸಾಮಾನು ಯೊಸಾರಿಯನ್‌ನ ಡೇರೆಯಲ್ಲಿದೆ. ತೆಗೆಯುವಂತಿಲ್ಲ, ಏಕೆಂದರೆ ದಾಖಲೆಯ ಪ್ರಕಾರ ಅವನು ಬಂದೇ ಇಲ್ಲ, ಬಾರದವನು ಸಾಯಲಾರ. ಡಾಕ್ಟರ್ ಡನೀಕಾನದು ಇದಕ್ಕೆ ತಿರುಗುಮುರುಗು. ಹಾರಾಟದ ಭತ್ಯೆಗಾಗಿ, ಹಾರದೆಯೇ ವಿಮಾನದ ಸಿಬ್ಬಂದಿ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿರುತ್ತಾನೆ. ಒಂದು ದಿನ ಆ ವಿಮಾನ ಬೆಟ್ಟಕ್ಕೆ ಬಡಿಯುತ್ತದೆ. ವೈದ್ಯ ನೆಲದ ಮೇಲೆ ಎಲ್ಲರೆದುರು ನಿಂತಿದ್ದಾನೆ. ಆದರೂ ಪಟ್ಟಿಯಲ್ಲಿ ಹೆಸರಿರುವುದರಿಂದ ಸತ್ತಿದ್ದಾನೆ. ಸಂಬಳ ನಿಲ್ಲುತ್ತದೆ, ಗೆಳೆಯರು ಮುಖ ತಪ್ಪಿಸುತ್ತಾರೆ. ಹೆಂಡತಿಗೆ ವಿಮೆಯ ಹಣ ಬರುತ್ತದೆ, ಸಂತಾಪದ ಅಚ್ಚುಪತ್ರ ಬರುತ್ತದೆ. ಆಕೆ ಮಕ್ಕಳನ್ನು ಕರೆದುಕೊಂಡು, ವಿಳಾಸ ಬಿಡದೆ, ಬೇರೆ ಊರಿಗೆ ಹೋಗುತ್ತಾಳೆ.

ಪ್ರತಿ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಪ್ರಮಾಣಪತ್ರ ಕೊಡುವ ಪಿಂಚಣಿದಾರರಿಗೆ ಈ ಪ್ರಸಂಗ ಹೊಸದೆನಿಸಲಾರದು. ಆದರೆ ನನಗೆ ನೆನಪಾದದ್ದು ಬೇರೆ. ಸೇವೆಯ ಮೊದಲ ವರ್ಷಗಳಲ್ಲಿ, ವೃದ್ಧಾಪ್ಯ ವೇತನ ನಿಂತುಹೋಗಿದ್ದ ಒಬ್ಬ ಮುದುಕ ನನ್ನ ಕೊಠಡಿಗೆ ಬಂದಿದ್ದ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಮೃತ’ ಎಂಬ ಷರಾ ಬಿದ್ದಿತ್ತು. ಜೀವಂತವಿದ್ದಾನೆಂದು ಗ್ರಾಮಲೆಕ್ಕಿಗನ ದೃಢೀಕರಣ ಬೇಕೆಂದು ಗುಮಾಸ್ತರ ಟಿಪ್ಪಣಿ. ಮರಣದ ವರದಿ ಕೊಟ್ಟವನು ತಾನೇ ಆದ್ದರಿಂದ, ಮೇಲಿನ ಕಚೇರಿ ಅದನ್ನು ರದ್ದುಪಡಿಸದ ಹೊರತು ದೃಢೀಕರಣ ಕೊಡಲಾಗದೆಂದು ಗ್ರಾಮಲೆಕ್ಕಿಗನ ಉತ್ತರ. ದೃಢೀಕರಣವಿಲ್ಲದೆ ರದ್ದುಪಡಿಸಲಾಗದೆಂದು ನಮ್ಮ ಮರುಟಿಪ್ಪಣಿ. ಮುದುಕ ಮೇಜಿನ ಆಚೆ ನಿಂತಿದ್ದ. ನಾನು ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದು ಬರೆದು ಸಹಿ ಹಾಕಿ ಕಡತವನ್ನು ಕೆಳಕ್ಕೆ ಕಳಿಸಿದೆ. ಅವನನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆಯಲು ನನ್ನನ್ನು ಯಾವ ನಿಯಮವೂ ತಡೆದಿರಲಿಲ್ಲ. ಹಾಗೆ ಬರೆಯಬಹುದೆಂದು ಹೊಳೆಯಲೇ ಇಲ್ಲ. ‘ಕ್ಯಾಚ್-22’ನ್ನು ಆ ಹೊತ್ತಿಗಾಗಲೇ ಓದಿ ನಕ್ಕಿದ್ದವನು ನಾನು.

ಹಾಸ್ಯದ ಕೆಳಗೆ ಹೆಲ್ಲರ್ ಒಂದು ಸಾವನ್ನು ಬಚ್ಚಿಟ್ಟಿದ್ದಾನೆ. ಅವಿನ್ಯೋನ್ ದಾಳಿಯಲ್ಲಿ ಗಾಯಗೊಂಡ ಸ್ನೋಡನ್ ಎಂಬ ಹುಡುಗನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸ್ವಲ್ಪ ಹೆಚ್ಚು ಕಾಣಿಸಿ ಮರೆಯಾಗುತ್ತದೆ. ಪೂರ್ತಿ ದೃಶ್ಯ ತೆರೆದುಕೊಳ್ಳುವುದು ಕೊನೆಯ ಭಾಗದಲ್ಲಿ. ಯೊಸಾರಿಯನ್ ಅವನ ತೊಡೆಯ ಗಾಯಕ್ಕೆ ಶ್ರದ್ಧೆಯಿಂದ ಪಟ್ಟಿ ಕಟ್ಟುತ್ತಾನೆ. ನಿಜವಾದ ಗಾಯ ಅಂಗಿಯೊಳಗೆ, ಬೇರೆಡೆ ಇದೆ. ನೋವು ತಗ್ಗಿಸಲು ಮಾರ್ಫಿನ್‌ಗಾಗಿ ಔಷಧದ ಪೆಟ್ಟಿಗೆ ತೆರೆದರೆ ಮಾರ್ಫಿನ್ ಇಲ್ಲ. ಮೈಲೋನ ಕಂಪನಿ ಅದನ್ನು ಒಯ್ದು, ಬದಲಿಗೆ ತನ್ನ ಘೋಷಣೆಯ ಚೀಟಿಯೊಂದನ್ನು ಇಟ್ಟಿದೆ. ಮೊಟ್ಟೆಯ ಲೆಕ್ಕಕ್ಕೆ ನಕ್ಕ ಓದುಗನಿಗೆ ಆ ಲೆಕ್ಕದ ಉಳಿಕೆ ಇಲ್ಲಿ ಸಿಗುತ್ತದೆ. ನಿಜಜೀವನದಲ್ಲಿ ಬದುಕಿದ ಗಾಯಾಳುವನ್ನು ಕಾದಂಬರಿಯಲ್ಲಿ ಸಾಯಿಸಲು ಹೆಲ್ಲರನಿಗೆ ಕಾರಣವಿತ್ತು.

ನಿಯಮದ ಗುಟ್ಟೂ ಕೊನೆಗೇ ಬಿಚ್ಚಿಕೊಳ್ಳುತ್ತದೆ. ರೋಮ್ ನಗರದ ಮನೆಯೊಂದರಿಂದ ಸೇನಾ ಪೊಲೀಸರು ಹೆಣ್ಣುಮಕ್ಕಳನ್ನೆಲ್ಲ ಬೀದಿಗೆ ಅಟ್ಟಿದ್ದಾರೆ. ಉಳಿದ ಮುದುಕಿಯೊಬ್ಬಳನ್ನು ಯೊಸಾರಿಯನ್ ಕೇಳುತ್ತಾನೆ, ಯಾವ ಅಧಿಕಾರದಿಂದ? ‘ಕ್ಯಾಚ್-22’ ಎಂದರಂತೆ. ಅದನ್ನು ಓದಿ ತೋರಿಸಿದರೇ? ತೋರಿಸಬೇಕಾಗಿಲ್ಲವಂತೆ, ಹಾಗೆಂದು ಕಾನೂನಿದೆಯಂತೆ. ತಡೆಯಲು ಯಾರಿಗೂ ಶಕ್ತಿಯಿಲ್ಲದ್ದನ್ನೆಲ್ಲ ಮಾಡುವ ಹಕ್ಕು ಅವರಿಗಿದೆ ಎಂದಷ್ಟೇ ಆಕೆಗೆ ಅರ್ಥವಾಗಿದೆ. ಅಂಥ ನಿಯಮ ಇಲ್ಲವೇ ಇಲ್ಲ ಎಂದು ಯೊಸಾರಿಯನ್‌ಗೆ ಅಲ್ಲಿ ಖಚಿತವಾಗುತ್ತದೆ. ಇದ್ದಿದ್ದರೆ ಒಳಿತಿತ್ತು; ತಿದ್ದಬಹುದಿತ್ತು, ಪ್ರಶ್ನಿಸಬಹುದಿತ್ತು, ಹರಿದು ಎಸೆಯಬಹುದಿತ್ತು. ಎಲ್ಲರೂ ಇದೆಯೆಂದು ನಂಬಿದ, ಆದರೆ ಇಲ್ಲದ ನಿಯಮವನ್ನು ರದ್ದುಪಡಿಸುವುದು ಹೇಗೆ? ಶಾಸನಕ್ಕೂ ಸುತ್ತೋಲೆಗೂ ವ್ಯತ್ಯಾಸವಿದೆ, ಸುತ್ತೋಲೆಗೂ ‘ಹಿಂದಿನಿಂದ ನಡೆದುಬಂದ ಪದ್ಧತಿ’ಗೂ ವ್ಯತ್ಯಾಸವಿದೆ ಎಂದು ನಮಗೆ ತರಬೇತಿಯಲ್ಲಿ ಕಲಿಸುತ್ತಾರೆ. ಮೇಜಿನ ಆಚೆ ನಿಂತವನಿಗೆ ಮೂರೂ ಒಂದೇ.

ವಿಯೆಟ್ನಾಂ ಯುದ್ಧ ತೀವ್ರವಾದಾಗ ಕಾದಂಬರಿ ಅಮೆರಿಕದ ಯುವಕರ ಕೈಪಿಡಿಯಂತಾಯಿತು. ಯೊಸಾರಿಯನ್ ಬದುಕಿದ್ದಾನೆ ಎಂಬ ಚೀಟಿಗಳು ಕಾರುಗಳ ಹಿಂಬದಿಯಲ್ಲಿ ಕಾಣಿಸಿಕೊಂಡವು. 1970ರಲ್ಲಿ ಮೈಕ್ ನಿಕೋಲ್ಸ್ ಇದನ್ನು ಚಲನಚಿತ್ರ ಮಾಡಿದ. ವಿಚಿತ್ರವೆಂದರೆ 1986ರಲ್ಲಿ, ಪುಸ್ತಕಕ್ಕೆ 25 ವರ್ಷವಾದಾಗ, ಅಮೆರಿಕದ ವಾಯುಪಡೆಯ ಅಕಾಡೆಮಿಯೇ ಹೆಲ್ಲರನನ್ನು ಆಹ್ವಾನಿಸಿ ಗೌರವಿಸಿತು. ಕಾದಂಬರಿ ತಮ್ಮನ್ನು ಕುರಿತದ್ದಲ್ಲ, ಹಿಂದಿನವರನ್ನು ಕುರಿತದ್ದು ಎಂದು ಪ್ರತಿಯೊಂದು ಸಂಸ್ಥೆಯೂ ಭಾವಿಸುತ್ತದೆಯೋ ಏನೋ.

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಒಂದೇ ಬಗೆಯ ಚಮತ್ಕಾರ ಮರುಕಳಿಸಿ ನಡುವೆ ಬೇಸರ ತರಿಸುತ್ತದೆ. ನೂರು ಪುಟ ಕಡಿಮೆಯಿದ್ದರೂ ನಷ್ಟವಿರಲಿಲ್ಲ. ಹೆಂಗಸರ ಚಿತ್ರಣವಂತೂ ತೀರ ತೆಳು. ಕಥೆಗೆ ಬಹುಮುಖ್ಯಳಾದ ಒಬ್ಬಳಿಗೆ ಹೆಸರೇ ಇಲ್ಲ, ನೇಟ್ಲಿ ಎಂಬವನ ವೇಶ್ಯೆ ಎಂದಷ್ಟೇ ಗುರುತು. ಕೊನೆಯಲ್ಲಿ ಯೊಸಾರಿಯನ್ ಸ್ವೀಡನ್ನಿಗೆ ಓಡಿಹೋಗುವುದನ್ನು ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಮೇಲಧಿಕಾರಿಗಳನ್ನು ಹೊಗಳಿದರೆ ಸಾಕು, ಗೌರವದಿಂದ ಊರಿಗೆ ಕಳಿಸುತ್ತೇವೆ ಎಂಬ ಒಪ್ಪಂದವನ್ನು ಅವನು ತಿರಸ್ಕರಿಸಿದ್ದು ದೊಡ್ಡದು. ಆದರೆ ಅವನು ಹೋದ ಮೇಲೆ ದಳದಲ್ಲಿ ಉಳಿದ ಹುಡುಗರ ಹಾರಾಟದ ಸಂಖ್ಯೆ ಏರುವುದನ್ನು ತಡೆಯುವವರಾರು? ಕಚೇರಿಯೊಳಗೇ ಉಳಿದು ಕಡತದಲ್ಲಿ ಭಿನ್ನಾಭಿಪ್ರಾಯ ಬರೆದಿಟ್ಟ ಕೆಲವು ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಅಂಥ ಪಾತ್ರ ಹೆಲ್ಲರನಲ್ಲಿಲ್ಲ. ಅವನು ಕೆಲಸ ಮಾಡಿದ ಕಡೆ ಅವನಿಗೆ ಸಿಗಲಿಲ್ಲವೇನೋ.

ಎರಡನೆಯ ಕಾದಂಬರಿ ‘ಸಮ್‌ಥಿಂಗ್ ಹ್ಯಾಪನ್ಡ್’ ಬಂದದ್ದು 13 ವರ್ಷಗಳ ನಂತರ, 1974ರಲ್ಲಿ. ಇಲ್ಲಿ ಸೇನೆಯ ವೇಷವೂ ಇಲ್ಲ, ನೇರವಾಗಿ ಕಚೇರಿ. ಬಾಬ್ ಸ್ಲೋಕಮ್ ಹೆಸರಿಲ್ಲದ ದೊಡ್ಡ ಕಂಪನಿಯೊಂದರ ಮಧ್ಯಮ ಶ್ರೇಣಿಯ ಅಧಿಕಾರಿ. ಕಚೇರಿಯಲ್ಲಿ ಯಾರು ಯಾರಿಗೆ ಹೆದರುತ್ತಾರೆ ಎಂಬ ಲೆಕ್ಕವನ್ನು ಅವನು ಗಣಿತದ ಕೋಷ್ಟಕದಂತೆ ಒಪ್ಪಿಸುತ್ತಾನೆ. ಕುಂಟುತ್ತ ನಡೆಯುವ ಸಹೋದ್ಯೋಗಿಯೊಬ್ಬನ ಸ್ಥಾನ ಅವನಿಗೆ ಸಿಗಲಿದೆ; ಕಂಪನಿಯ ಸಮ್ಮೇಳನದಲ್ಲಿ ಮೂರು ನಿಮಿಷ ಭಾಷಣ ಮಾಡಬೇಕೆಂಬುದು ಅವನ ಬಹುಕಾಲದ ಹಂಬಲ. ಯೌವನದಲ್ಲಿ ಗುಮಾಸ್ತನಾಗಿದ್ದ ವಿಮಾ ಕಂಪನಿಯ ಕಡತದ ಕೋಣೆ ಅವನ ನೆನಪಿಗೆ ಬರುತ್ತಲೇ ಇರುತ್ತದೆ. ಕೊನೆಗೆ ರಸ್ತೆ ಅಪಘಾತದಲ್ಲಿ ಗಾಯಗೊಂಡ ಮಗನನ್ನು ಗಾಬರಿಯಿಂದ ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ. ಆ ಅಪ್ಪುಗೆಯಲ್ಲೇ ಮಗು ಉಸಿರುಗಟ್ಟಿ ಸಾಯುತ್ತದೆ. ಬಡ್ತಿ ಸಿಗುತ್ತದೆ. ಕಚೇರಿ ಸುಸೂತ್ರವಾಗಿ ನಡೆಯುತ್ತದೆ. ಇಷ್ಟು ಮಂಕಾದ, ಇಷ್ಟು ನಿಜವಾದ ಕಾದಂಬರಿಯನ್ನು ನಾನು ಎರಡನೆಯ ಸಲ ಓದಲಾರೆ. ಆದರೆ ‘ಕ್ಯಾಚ್-22’ ಓದಿದವರು ಇದನ್ನು ಒಮ್ಮೆ ಓದಲೇಬೇಕು.

ಉಳಿದ ಕೃತಿಗಳ ಮಾತು ಬೇಗ ಮುಗಿಯುತ್ತದೆ. ‘ಗುಡ್ ಆ್ಯಸ್ ಗೋಲ್ಡ್’ ವಾಷಿಂಗ್ಟನ್ನಿನ ಅಧಿಕಾರವಲಯವನ್ನೂ ಹೆನ್ರಿ ಕಿಸಿಂಜರನನ್ನೂ ಗುರಿಯಾಗಿಸಿಕೊಂಡ 1979ರ ಕಾದಂಬರಿ. ಅಧ್ಯಕ್ಷ ತನ್ನ ಮೊದಲ ವರ್ಷದ ಆಡಳಿತವನ್ನು ಕುರಿತು ಪುಸ್ತಕ ಬರೆಯುವುದರಲ್ಲೇ ಆ ವರ್ಷ ಕಳೆದಿರುತ್ತಾನೆ. ವಾಕ್ಯದ ಆರಂಭದಲ್ಲಿ ಒಪ್ಪಿ ಅಂತ್ಯದಲ್ಲಿ ನಿರಾಕರಿಸುವ ಅಧಿಕಾರಿಯ ಭಾಷೆ ಅದರಲ್ಲಿ ಚೆನ್ನಾಗಿ ಸಿಕ್ಕಿದೆ. 1984ರ ‘ಗಾಡ್ ನೋಸ್’ ಬೈಬಲ್ಲಿನ ದಾವೀದ ರಾಜನ ಬಾಯಲ್ಲಿ ಹೇಳಿಸಿದ ಕಥೆ. 1981ರ ಡಿಸೆಂಬರಿನಲ್ಲಿ ಗಿಲ್ಲನ್-ಬಾರೆ ಎಂಬ ನರರೋಗ ತಗಲಿ ಹೆಲ್ಲರ್ ಕೈಕಾಲು ಆಡಿಸಲಾರದಂತಾದ. ಗೆಳೆಯ ಸ್ಪೀಡ್ ವೋಗೆಲ್ ಅವನ ಮನೆಯಲ್ಲಿದ್ದು, ಅವನ ವ್ಯವಹಾರ ನಡೆಸಿದ; ಇಬ್ಬರೂ ಸೇರಿ 1986ರಲ್ಲಿ ಆ ಅನುಭವವನ್ನು ಬರೆದರು. ಆರೈಕೆ ಮಾಡಿದ ದಾದಿ ವ್ಯಾಲೆರಿ ಹಂಫ್ರೀಸ್ 1987ರಲ್ಲಿ ಅವನ ಎರಡನೆಯ ಪತ್ನಿಯಾದಳು. 1994ರಲ್ಲಿ ಮುದಿ ಯೊಸಾರಿಯನ್‌ನನ್ನು ಮತ್ತೆ ತಂದ ‘ಕ್ಲೋಸಿಂಗ್ ಟೈಮ್’ ಬಂತು, 1998ರಲ್ಲಿ ‘ನೌ ಆ್ಯಂಡ್ ದೆನ್’ ಎಂಬ ಆತ್ಮಕಥನ. ‘ಕ್ಯಾಚ್-22’ರಂಥದ್ದನ್ನು ನೀವು ಮತ್ತೆ ಬರೆಯಲಿಲ್ಲವಲ್ಲ ಎಂದು ಕೇಳಿದವರಿಗೆ, ಬೇರೆ ಯಾರು ಬರೆದಿದ್ದಾರೆ ಎಂದು ಮರುಪ್ರಶ್ನೆ ಹಾಕುತ್ತಿದ್ದನಂತೆ.

1999ರ ಡಿಸೆಂಬರ್ 12ರಂದು, 76ನೇ ವಯಸ್ಸಿನಲ್ಲಿ, ಈಸ್ಟ್ ಹ್ಯಾಂಪ್ಟನ್ನಿನ ಮನೆಯಲ್ಲಿ ಹೃದಯಾಘಾತದಿಂದ ಹೆಲ್ಲರ್ ತೀರಿಕೊಂಡ. ಕೊನೆಯ ಕಾದಂಬರಿ ಮರುವರ್ಷ ಪ್ರಕಟವಾಯಿತು. ಯೂಜೀನ್ ಪೋಟಾ ಎಂಬ ವೃದ್ಧ ಲೇಖಕ ಅದರ ನಾಯಕ. ಯೌವನದಲ್ಲಿ ಒಂದು ದೊಡ್ಡ ಕೃತಿ ಬರೆದು ಹೆಸರಾದವನು ಈಗ ಪ್ರತಿದಿನ ಬೆಳಿಗ್ಗೆ ಮೇಜಿನ ಮುಂದೆ ಕುಳಿತು ಹೊಸ ಕಾದಂಬರಿಗೆ ವಸ್ತು ಹುಡುಕುತ್ತಾನೆ. ಒಂದೆರಡು ಪುಟ ಬರೆದು, ಸರಿಯಿಲ್ಲವೆಂದು ಬದಿಗಿಟ್ಟು, ಇನ್ನೊಂದನ್ನು ಆರಂಭಿಸುತ್ತಾನೆ.